ಮನೆ ವಿಡಿಯೋಗಳ ಡಿವಿಡಿ ಎನ್‌ಕೋಡಿಂಗ್

ಮನೆ ವಿಡಿಯೋಗಳ ಡಿವಿಡಿ ಎನ್‌ಕೋಡಿಂಗ್: ಮದುವೆ, ನಾಮಕರಣ, ಗೃಹಪ್ರವೇಶ, ಪ್ರವಾಸಗಳಲ್ಲಿ ಮನೆಯವರು ಕ್ಯಾಸೆಟ್ಟಿನಲ್ಲೋ ಕ್ಯಾಮ್‌ಕಾರ್ಡರಿನಲ್ಲೋ ಮೊಬೈಲಿನಲ್ಲೋ ಹಿಡಿದ ದೃಶ್ಯಗಳನ್ನು, ಟಿವಿಗೆ ಜೋಡಿಸಿದ ಡಿವಿಡಿ ಪ್ಲೇಯರ್ ಓದಬಲ್ಲ ರೂಪಕ್ಕೆ ಕುಗ್ಗಿಸಿ ಡಿಸ್ಕಿಗೆ ಬರೆಯುವ ಕ್ರಮ. ಚಿತ್ರದ ಅಳತೆ, ಫ್ರೇಮ್ ದರ, ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಖರ್ಚಾಗುವ ಬಿಟ್‌ಗಳ ಪ್ರಮಾಣ), ಧ್ವನಿಯ ಬಗೆ ಹೀಗೆ ಎನ್‌ಕೋಡರ್ ಸಾಫ್ಟ್‌ವೇರುಗಳು ಹತ್ತಾರು ಪ್ರಶ್ನೆ ಕೇಳುತ್ತವೆ. ಇವುಗಳಲ್ಲಿ ಬಹುಪಾಲಿನ ಉತ್ತರವನ್ನು ಡಿವಿಡಿಯ ನಿಯಮಾವಳಿ ಮತ್ತು ಮೂಲ ಚಿತ್ರೀಕರಣ ಮೊದಲೇ ಗೊತ್ತುಮಾಡಿರುತ್ತವೆ. ಮಾಡುವವರ ಕೈಯಲ್ಲಿ ನಿಜವಾಗಿ ಉಳಿಯುವ ದೊಡ್ಡ ತೀರ್ಮಾನ ಒಂದೇ: ಒಂದು ಡಿಸ್ಕಿನಲ್ಲಿ ಎಷ್ಟು ನಿಮಿಷ ಇಡಬೇಕು ಎಂಬುದು. ಚಿತ್ರದ ಗುಣಮಟ್ಟ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಹಿನ್ನೆಲೆ

ಡಿವಿಡಿಗೂ ಮುಂಚೆ ವಿಸಿಡಿ ಇತ್ತು. 1993ರಲ್ಲಿ ರೂಪುಗೊಂಡ ಈ ಮಾದರಿಯಲ್ಲಿ ಸಾಮಾನ್ಯ ಸಿಡಿಯ ಮೇಲೆ ಸುಮಾರು 74 ನಿಮಿಷದ ಚಿತ್ರ ಹಿಡಿಯುತ್ತಿತ್ತು. ಭಾರತದ ಟಿವಿಗಳಿಗೆ ಒಗ್ಗುವ ವಿಸಿಡಿಯ ಚಿತ್ರದ ಅಳತೆ 352×288, ಬಿಟ್‌ರೇಟ್ ಸೆಕೆಂಡಿಗೆ 1150 ಕಿಲೋಬಿಟ್. ಎರಡೂ ಕಟ್ಟುನಿಟ್ಟಾಗಿ ನಿಗದಿಯಾದದ್ದರಿಂದ ಆರಿಸಲು ಏನೂ ಇರಲಿಲ್ಲ. ಮೂರು ಗಂಟೆಯ ಮದುವೆ ಕ್ಯಾಸೆಟ್ ಮೂರು ಸಿಡಿಗಳಾಗುತ್ತಿತ್ತು, ಅಷ್ಟೆ.

ಡಿವಿಡಿ 1996ರ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು, ಮರುವರ್ಷ ಅಮೆರಿಕಕ್ಕೆ. ಅದೇ 12 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ 4.7 ಗಿಗಾಬೈಟ್ ಹಿಡಿಯುವಂತಾಯಿತು; ಬಿಟ್‌ರೇಟನ್ನು ಮಾಡುವವರೇ ಏರಿಸಿ ಇಳಿಸಬಹುದಾಯಿತು. ಕಂಪ್ಯೂಟರಿನಲ್ಲಿ ಬರೆಯಬಹುದಾದ ಖಾಲಿ ಡಿಸ್ಕ್‌ಗಳ ಬೆಲೆ ಮುಂದಿನ ದಶಕದಲ್ಲಿ ಇಳಿದಾಗ ಈ ಸ್ವಾತಂತ್ರ್ಯ ಊರೂರಿನ ಸ್ಟುಡಿಯೋಗಳಿಗೂ ಮನೆಗಳಿಗೂ ಸಿಕ್ಕಿತು. ಸ್ವಾತಂತ್ರ್ಯ ಸಿಕ್ಕಿದ್ದೇ ತಡ, ಅದು ದುರ್ಬಳಕೆಯೂ ಆಯಿತು. ನಾಲ್ಕು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿಗೆ ತುರುಕಿ, ಮುಖಗಳೆಲ್ಲ ಚೌಕ ಚೌಕವಾಗಿ ಒಡೆದು ಕಾಣುವ ಡಿವಿಡಿಗಳು ಇಂದಿಗೂ ಅನೇಕ ಮನೆಗಳ ಕಪಾಟಿನಲ್ಲಿವೆ. ಅಂಥ ಡಿಸ್ಕಿನಲ್ಲಿ ಕಳೆದುಹೋದ ವಿವರವನ್ನು ಯಾವ ಸಾಫ್ಟ್‌ವೇರೂ ನಿಜವಾಗಿ ಮರಳಿಸಲಾರದು.

ನಿಯಮಾವಳಿ ಹಾಕುವ ಗೆರೆಗಳು

ಡಿವಿಡಿ ವಿಡಿಯೋದ ಚಿತ್ರ ಎಂಪೆಗ್-2 ವಿಧಾನದಲ್ಲಿರಬೇಕು (ಹಳೆಯ ಎಂಪೆಗ್-1ಕ್ಕೂ ಅವಕಾಶವಿದೆ). ಭಾರತದ ಪಾಲ್ ಟಿವಿ ಪದ್ಧತಿಗೆ ಪೂರ್ಣ ಅಳತೆ 720×576, ಸೆಕೆಂಡಿಗೆ 25 ಫ್ರೇಮ್. ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಗೆ 720×480, ಸೆಕೆಂಡಿಗೆ 29.97 ಫ್ರೇಮ್. ಪಾಲ್‌ನಲ್ಲಿ 704×576, 352×576, 352×288 ಎಂಬ ಕಿರಿಯ ಅಳತೆಗಳೂ ಸಲ್ಲುತ್ತವೆ. ಇವುಗಳನ್ನು ಬಿಟ್ಟು ಬೇರೆ ಅಳತೆ ಕೊಟ್ಟರೆ ಪ್ಲೇಯರ್ ಡಿಸ್ಕನ್ನು ತಿರಸ್ಕರಿಸಬಹುದು. ಚಿತ್ರದ ಬಿಟ್‌ರೇಟ್ ಯಾವ ಕ್ಷಣದಲ್ಲೂ ಸೆಕೆಂಡಿಗೆ 9800 ಕಿಲೋಬಿಟ್ ಮೀರಬಾರದು. ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಸೇರಿದ ಮಿತಿ 10,080 ಕಿಲೋಬಿಟ್.

ಈ ಗರಿಷ್ಠ ಮಿತಿ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್‌ಗಳಿಗೆ ಸರಿ. ಮನೆಯಲ್ಲಿ ಬರೆದ ಡಿಸ್ಕ್ ಬೆಳಕನ್ನು ಅಷ್ಟು ಚೆನ್ನಾಗಿ ಪ್ರತಿಫಲಿಸುವುದಿಲ್ಲ. ಲೇಸರ್ ಒಂದೆರಡು ಕಡೆ ಮತ್ತೆ ಓದಬೇಕಾಗಿ ಬಂದರೆ, ಅಷ್ಟರಲ್ಲಿ ಪ್ಲೇಯರಿನ ಪುಟ್ಟ ಮೆಮೊರಿ ಬರಿದಾಗಿ ಚಿತ್ರ ನಿಂತುಬಿಡುತ್ತದೆ. ಆದ್ದರಿಂದ ಗರಿಷ್ಠ ಬಿಟ್‌ರೇಟನ್ನು 8000ದ ಆಸುಪಾಸಿಗೆ ಕಟ್ಟಿಹಾಕುವುದು ಒಳ್ಳೆಯದು. 8000ಕ್ಕೂ 9800ಕ್ಕೂ ನಡುವಿನ ವ್ಯತ್ಯಾಸ ಮನೆ ವಿಡಿಯೋದಲ್ಲಿ ಕಣ್ಣಿಗೆ ಕಾಣುವುದು ಬಹಳ ಅಪರೂಪ. ನಡುವೆ ಚಿತ್ರ ಅಂಟಿಕೊಂಡು ನಿಂತರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಬಿಟ್‌ಗಳು ಎಲ್ಲಿ ಖರ್ಚಾಗುತ್ತವೆ

ಎಂಪೆಗ್-2 ಎನ್‌ಕೋಡರ್ ಪ್ರತಿ ಫ್ರೇಮನ್ನೂ 16×16 ಪಿಕ್ಸೆಲ್‌ಗಳ ಚೌಕಗಳಾಗಿ ಸೀಳಿ, ಒಂದೊಂದು ಚೌಕಕ್ಕೂ ಅಕ್ಕಪಕ್ಕದ ಫ್ರೇಮಿನಲ್ಲಿ ಹೋಲುವ ತುಣುಕನ್ನು ಹುಡುಕುತ್ತದೆ. ಸಿಕ್ಕರೆ ‘ಅದೇ ಚಿತ್ರ, ಇಷ್ಟು ಸರಿದಿದೆ’ ಎಂಬ ಸೂಚನೆಯನ್ನಷ್ಟೇ ಬರೆದುಕೊಂಡು, ಉಳಿದ ವ್ಯತ್ಯಾಸವನ್ನು 8×8ರ ತುಂಡುಗಳಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತಕ್ಕೆ ಒಳಪಡಿಸುತ್ತದೆ. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಏರಿಳಿತಗಳನ್ನು ಬೇರ್ಪಡಿಸಿ ಒರಟಾಗಿ ದಾಖಲಿಸಲು ಈ ಗಣಿತವೇ ದಾರಿ ಮಾಡಿಕೊಡುತ್ತದೆ. ಇದನ್ನು 1974ರಲ್ಲಿ ಪ್ರಕಟಿಸಿದ ಮೂವರು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಮೊದಲಿಗರಾದ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಜೇಪೆಗ್ ಫೋಟೋ, ಡಿವಿಡಿ, ಡಿಜಿಟಲ್ ಟಿವಿ ಎಲ್ಲದರ ಒಳಗೂ ಈ ಕೆಲಸ ಇದೆ. 

ಕೆಲವು ಫ್ರೇಮುಗಳನ್ನು ಯಾವುದರ ಆಸರೆಯೂ ಇಲ್ಲದೆ ಪೂರ್ತಿಯಾಗಿ ಬರೆಯಲಾಗುತ್ತದೆ, ಇವು ಐ-ಫ್ರೇಮುಗಳು. ಹಿಂದಿನದನ್ನು ನೋಡಿ ಬರೆದವು ಪಿ, ಹಿಂದುಮುಂದು ಎರಡನ್ನೂ ನೋಡಿ ಬರೆದವು ಬಿ. ಒಂದು ಐ-ಫ್ರೇಮಿನಿಂದ ಮುಂದಿನದರವರೆಗಿನ ಗುಂಪು ಪಾಲ್ ಡಿವಿಡಿಯಲ್ಲಿ 15 ಫ್ರೇಮಿಗಿಂತ, ಎನ್‌ಟಿಎಸ್‌ಸಿಯಲ್ಲಿ 18 ಫ್ರೇಮಿಗಿಂತ ಉದ್ದವಾಗಬಾರದು. ಸಾಫ್ಟ್‌ವೇರಿನಲ್ಲಿ ಜಿಒಪಿ ಎಂದು ಕಾಣುವ ಸೆಟ್ಟಿಂಗ್ ಇದೇ. ಡಿವಿಡಿಯ ಸಿದ್ಧ ಆಯ್ಕೆಯಲ್ಲಿ ಇರುವ ಸಂಖ್ಯೆಯನ್ನು ಮುಟ್ಟದಿರುವುದೇ ಲೇಸು.

ಅಕ್ಕಪಕ್ಕದ ಫ್ರೇಮುಗಳ ನಡುವೆ ಹೋಲಿಕೆ ಸಿಗದಿದ್ದರೆ ಬಿಟ್‌ಗಳ ಖರ್ಚು ಏರುತ್ತದೆ. ನಮ್ಮ ಮದುವೆಗಳಲ್ಲಿ ಅಂಥ ಕ್ಷಣಗಳು ಧಾರಾಳ. ಧಾರೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ, ಹತ್ತಾರು ಫ್ಲಾಶ್‌ಗಳು ಮಿಂಚುತ್ತವೆ, ಜರಿಸೀರೆಗಳು ಥಳಥಳಿಸುತ್ತವೆ, ಜನಸಂದಣಿಯಲ್ಲಿ ಕ್ಯಾಮೆರಾ ಅಲುಗಾಡುತ್ತದೆ. ಒಂದೊಂದು ಅಕ್ಕಿಕಾಳೂ ಎನ್‌ಕೋಡರಿಗೆ ಹೊಸ ವಸ್ತು. ಒಂದೊಂದು ಫ್ಲಾಶೂ ಇಡೀ ಫ್ರೇಮಿನ ಬೆಳಕನ್ನು ಬದಲಾಯಿಸಿ ಹೋಲಿಕೆಯನ್ನು ಕೆಡಿಸುತ್ತದೆ. ಮಳೆ, ಗಾಳಿಗೆ ಅಲುಗುವ ತೆಂಗಿನ ಗರಿ, ಹರಿವ ಹೊಳೆ ಕೂಡ ಹೀಗೆಯೇ. ಇದಕ್ಕೆ ವಿರುದ್ಧವಾಗಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ತೆಗೆದ ಆರತಕ್ಷತೆಯ ವೇದಿಕೆ ತೀರಾ ಕಡಿಮೆ ಬಿಟ್‌ಗಳಲ್ಲಿ ಮುಗಿಯುತ್ತದೆ. ಸ್ಟುಡಿಯೋದವರು ಸಂಕಲನದಲ್ಲಿ ಸೇರಿಸುವ ಹೂ ತಿರುಗುವ, ಚಿತ್ರ ಕರಗುವ ಎಫೆಕ್ಟ್‌ಗಳೂ ಬಿಟ್‌ಗಳನ್ನು ನುಂಗುತ್ತವೆ. ಇವನ್ನು ಕಡಿಮೆ ಮಾಡಿದರೆ ಉಳಿದ ಬಿಟ್‌ಗಳು ಮುಖಗಳಿಗೆ ಸಲ್ಲುತ್ತವೆ.

ನಿಮಿಷದ ಲೆಕ್ಕ

4.7 ಗಿಗಾಬೈಟ್ ಎಂದರೆ 470 ಕೋಟಿ ಬೈಟ್, ಅಂದರೆ 3,76,00,000 ಕಿಲೋಬಿಟ್. (ವಿಂಡೋಸ್ ಇದನ್ನೇ ಬೇರೆ ಅಳತೆಯಲ್ಲಿ 4.37 ಎಂದು ತೋರಿಸುತ್ತದೆ. ಡಿಸ್ಕಿನಲ್ಲಿ ಕೊರತೆಯೇನೂ ಇಲ್ಲ.) ಈ ಮೊತ್ತವನ್ನು ಚಿತ್ರದ ಒಟ್ಟು ಸೆಕೆಂಡುಗಳಿಂದ ಭಾಗಿಸಿ, ಮೆನು ಮತ್ತು ಕಡತಗಳ ಜೋಡಣೆಗೆಂದು ನೂರಕ್ಕೆ ನಾಲ್ಕರಷ್ಟು ಬಿಟ್ಟು, ಧ್ವನಿಯ ಪಾಲು ಕಳೆದರೆ ಚಿತ್ರಕ್ಕೆ ಸಿಗುವ ಸರಾಸರಿ ಬಿಟ್‌ರೇಟ್ ಬರುತ್ತದೆ. ಧ್ವನಿಗೆ 192 ಕಿಲೋಬಿಟ್ ಇಟ್ಟುಕೊಂಡರೆ 90 ನಿಮಿಷಕ್ಕೆ ಸುಮಾರು 6500, ಎರಡು ಗಂಟೆಗೆ 4800, ಮೂರು ಗಂಟೆಗೆ 3150, ನಾಲ್ಕು ಗಂಟೆಗೆ 2300.

ಒಂದು ಗಂಟೆಯೊಳಗಿನ ಚಿತ್ರಕ್ಕೆ ಲೆಕ್ಕವೇ ಬೇಡ: 8000ದ ಸ್ಥಿರ ಬಿಟ್‌ರೇಟ್ ಕೊಟ್ಟರೂ ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ. ತೊಂಬತ್ತು ನಿಮಿಷದವರೆಗೆ ನೆಮ್ಮದಿ. ಎರಡು ಗಂಟೆಗೆ ಬಂದಾಗ ಎನ್‌ಕೋಡರನ್ನು ಜಾಣತನದಿಂದ ದುಡಿಸಬೇಕಾಗುತ್ತದೆ, ಎಂದರೆ ಬದಲಾಗುವ ಬಿಟ್‌ರೇಟ್ ಮತ್ತು ಎರಡು ಸುತ್ತಿನ ಎನ್‌ಕೋಡಿಂಗ್. ಮೊದಲ ಸುತ್ತಿನಲ್ಲಿ ಸಾಫ್ಟ್‌ವೇರ್ ಇಡೀ ಚಿತ್ರವನ್ನು ನೋಡಿ ಎಲ್ಲಿ ಅಕ್ಷತೆ ಬೀಳುತ್ತದೆ, ಎಲ್ಲಿ ಜನ ಸುಮ್ಮನೆ ಕೂತಿದ್ದಾರೆ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯದರಲ್ಲಿ ಅದರಂತೆ ಹಂಚುತ್ತದೆ. ಸಮಯ ಹೆಚ್ಚುಕಡಿಮೆ ಇಮ್ಮಡಿಯಾದರೂ ಇದು ಸಾರ್ಥಕ ಖರ್ಚು. ‘ಕ್ವಾಲಿಟಿ’ ಎಂಬ ಒಂದೇ ಸಂಖ್ಯೆ ಕೇಳುವ ವಿಧಾನ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಡುವ ಕಡತಕ್ಕೆ ಉತ್ತಮ. ಡಿಸ್ಕಿಗೆ ಒಗ್ಗುವುದಿಲ್ಲ, ಏಕೆಂದರೆ ಕೊನೆಗೆ ಕಡತ ಎಷ್ಟು ದೊಡ್ಡದಾಗುತ್ತದೆಂದು ಮೊದಲೇ ತಿಳಿಯುವುದಿಲ್ಲ.

ಮೂರು ಗಂಟೆಯನ್ನು ಪೂರ್ಣ ಅಳತೆಯಲ್ಲಿ ಇಡುವುದು ತಪ್ಪು. 3150 ಕಿಲೋಬಿಟ್ಟನ್ನು 720×576ರ ಮೇಲೆ ಹರಡಿದರೆ ಚೌಕಗಳು ಒಡೆಯುತ್ತವೆ. ಅದನ್ನೇ 352×576ಕ್ಕೆ ಕೊಟ್ಟರೆ ಚಿತ್ರ ಸ್ವಲ್ಪ ಮೆದುವಾಗಿ ಕಂಡರೂ ಒಡೆಯದೆ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಎರಡು ಡಿಸ್ಕ್. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಮನೆ ತುಂಬಿಸುವುದು ಇಷ್ಟನ್ನು ಒಂದರಲ್ಲಿ ಉದಾರ ಬಿಟ್‌ರೇಟಿನಲ್ಲಿಟ್ಟು, ಚಲನೆ ಕಡಿಮೆಯಿರುವ ಆರತಕ್ಷತೆಯನ್ನು ಇನ್ನೊಂದರಲ್ಲಿ ಉದ್ದಕ್ಕೆ ಹಾಕಬಹುದು. ಆರತಕ್ಷತೆಯ ಸಾಲನ್ನು ಬೇಸರವೆಂದು ಕತ್ತರಿಸಿ ಎಸೆಯುವವರಿದ್ದಾರೆ. ಹಾಗೆ ಮಾಡಬಾರದು. ಎಷ್ಟೋ ಅಜ್ಜ-ಅಜ್ಜಿಯರು, ಸೋದರತ್ತೆಯರು ನಡೆದು ಬಂದು ನಕ್ಕ ಒಂದೇ ಒಂದು ದೃಶ್ಯ ಆ ಸಾಲಿನಲ್ಲೇ ಇರುತ್ತದೆ. ಕ್ಯಾಮೆರಾ ಆಫ್ ಮಾಡಲು ಮರೆತು ನೆಲ ಚಿತ್ರೀಕರಿಸಿದ ಹತ್ತು ನಿಮಿಷ, ಖಾಲಿ ಮಂಟಪ, ಗಮನವಿಲ್ಲದ ಜೂಮ್‌ಗಳು ಇಂಥವನ್ನು ತೆಗೆದರೇ ಸಾಕಷ್ಟು ಜಾಗ ಸಿಗುತ್ತದೆ.

ಎರಡು ಪದರದ, 8.5 ಗಿಗಾಬೈಟಿನ ಡಿಸ್ಕ್‌ಗಳೂ ಇವೆ. ಇವು ದುಬಾರಿ, ಹಳೆಯ ಪ್ಲೇಯರುಗಳು ಇವುಗಳ ಮೇಲೆ ಮುನಿಯುತ್ತವೆ, ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ಚಿತ್ರ ಕ್ಷಣ ತಡೆಯಬಹುದು. ಹಂಚಲು ಎರಡು ಸಾಧಾರಣ ಡಿಸ್ಕ್‌ಗಳೇ ಮೇಲು.

ಮೂಲದ ಬಗೆ

ವಿಎಚ್‌ಎಸ್ ಕ್ಯಾಸೆಟ್ಟಿನ ಚಿತ್ರದಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ ವಿವರ. ಆದ್ದರಿಂದ 352×576 ಅದಕ್ಕೆ ಮೋಸ ಮಾಡುವುದಿಲ್ಲ. 720ಕ್ಕೆ ಹಿಗ್ಗಿಸಿದರೆ ಹೊಸದೇನೂ ಸೇರುವುದಿಲ್ಲ. ಕ್ಯಾಸೆಟ್ಟಿನ ದೊಡ್ಡ ತೊಂದರೆ ಅದರ ಮೇಲೆ ಸದಾ ಕುಣಿಯುವ ಸಣ್ಣ ಚುಕ್ಕೆಗಳ ಗದ್ದಲ. ಅದು ಫ್ರೇಮಿನಿಂದ ಫ್ರೇಮಿಗೆ ಬೇರೆಯಾದ್ದರಿಂದ ಎನ್‌ಕೋಡರ್ ಅದನ್ನೂ ವಿವರವೆಂದೇ ತಿಳಿದು ಬಿಟ್ ಸುರಿಯುತ್ತದೆ. ಗದ್ದಲ ತಗ್ಗಿಸುವ ಫಿಲ್ಟರನ್ನು ಹಗುರವಾಗಿ ಹಾಕಿದರೆ ಅದೇ ಬಿಟ್‌ರೇಟಿನಲ್ಲಿ ಚಿತ್ರ ಸುಧಾರಿಸುತ್ತದೆ. ಬಲವಾಗಿ ಹಾಕಿದರೆ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ಚಿತ್ರದ ಕೆಳಅಂಚಿನಲ್ಲಿ ನಡುಗುವ ಕೆಲವು ಗೆರೆಗಳು ವಿಸಿಆರ್ ಹೆಡ್ ಬದಲಾಗುವಾಗ ಹುಟ್ಟುವಂಥವು. ಅವುಗಳ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕು. ಕರಾವಳಿ ಮತ್ತು ಮಲೆನಾಡಿನ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಹಾಕಿದರೆ ವಿಸಿಆರ್‌ನ ಹೆಡ್ ಕೆಟ್ಟು, ನಂತರ ಹಾಕುವ ಕ್ಯಾಸೆಟ್‌ಗಳಿಗೂ ಬೂಷ್ಟು ಅಂಟುತ್ತದೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿದ್ದರಿಂದ, ಕ್ಯಾಸೆಟ್ ಇರುವವರು ತಡಮಾಡುವಂತಿಲ್ಲ.

ಮಿನಿಡಿವಿ ಟೇಪು ಇದಕ್ಕಿಂತ ಸುಖಕರ. ಅದು ಹುಟ್ಟಾ ಡಿಜಿಟಲ್. ಫೈರ್‌ವೈರ್ ಕೇಬಲಿನಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟಿನಂತೆ ನಷ್ಟವಿಲ್ಲದೆ ಕಂಪ್ಯೂಟರಿಗೆ ಇಳಿಯುತ್ತದೆ. ಅಳತೆ ಆಗಲೇ 720×576. ಇಲ್ಲಿ ಕಾಯುವ ಬಲೆ ಫೀಲ್ಡ್‌ಗಳದ್ದು. ಹಳೆಯ ಕ್ಯಾಮ್‌ಕಾರ್ಡರ್ ಒಂದು ಫ್ರೇಮನ್ನು ಸಮ-ಬೆಸ ಗೆರೆಗಳ ಎರಡು ಅರ್ಧಗಳಾಗಿ, ಸೆಕೆಂಡಿಗೆ 50ರಂತೆ ಹಿಡಿಯುತ್ತದೆ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಎನ್‌ಕೋಡರಿಗೆ ಮೇಲಿನದು ಮೊದಲು ಎಂದು ಹೇಳಿದರೆ, ನಡೆಯುವ ಮನುಷ್ಯ ಪ್ರತಿ ಹೆಜ್ಜೆಗೂ ಹಿಂದಕ್ಕೆ ಜಗ್ಗಿ ಮುಂದಕ್ಕೆ ಬಂದಂತೆ ಕಾಣುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಈ ದೋಷ ಬಹಳ ಸಲ ಕಾಣುವುದೇ ಇಲ್ಲ, ಟಿವಿಯಲ್ಲಿ ಮಾತ್ರ ಕಾಣುತ್ತದೆ. ಐದು ನಿಮಿಷದ ತುಣುಕೊಂದನ್ನು ಮರುಬರೆಯುವ ಡಿಸ್ಕಿಗೆ ಹಾಕಿ ಟಿವಿಯಲ್ಲಿ ನೋಡಿಬಿಟ್ಟರೆ ಇಡೀ ರಾತ್ರಿಯ ಎನ್‌ಕೋಡಿಂಗ್ ಉಳಿಯುತ್ತದೆ. ಇಂಥ ಮೂಲವನ್ನು ಡಿಇಂಟರ್‌ಲೇಸ್ (ಎರಡು ಫೀಲ್ಡ್‌ಗಳನ್ನು ಒಂದೇ ಫ್ರೇಮಾಗಿ ಬೆಸೆಯುವುದು) ಮಾಡಬಾರದು: ಡಿವಿಡಿ ಫೀಲ್ಡ್‌ಗಳನ್ನು ಹಾಗೆಯೇ ಹೊರಬಲ್ಲದು, ಮಾಡಿದರೆ ಚಲನೆಯ ಅರ್ಧ ನಯ ಹೋಗುತ್ತದೆ.

ಮೊಬೈಲಿನ ವಿಡಿಯೋಗೆ ಬೇರೆಯೇ ಕಷ್ಟಗಳು. ಅದು ಸಾಮಾನ್ಯವಾಗಿ 1920×1080 ಅಥವಾ ಅದಕ್ಕೂ ದೊಡ್ಡದು, ಸೆಕೆಂಡಿಗೆ 30 ಫ್ರೇಮಿನದು. ಅದೂ ಸ್ಥಿರವಲ್ಲ, ಬೆಳಕು ಕಡಿಮೆಯಾದರೆ ದರ ಇಳಿಯುತ್ತದೆ. ಮೊದಲು ಸ್ಥಿರ ದರಕ್ಕೆ ತರದಿದ್ದರೆ ಹೋಗುತ್ತ ಹೋಗುತ್ತ ಮಾತು ಮತ್ತು ತುಟಿ ಬೇರೆಯಾಗುತ್ತವೆ. 30ನ್ನು ಪಾಲ್‌ನ 25ಕ್ಕೆ ಇಳಿಸುವಾಗ ಪ್ರತಿ ಸೆಕೆಂಡಿಗೂ ಐದು ಫ್ರೇಮ್ ಬಿಟ್ಟುಹೋಗಿ ನಡಿಗೆ ಎಡವಿದಂತಾಗುತ್ತದೆ. ಇದಕ್ಕೆ ಸರಿಯಾದ ಪರಿಹಾರ ಎನ್‌ಟಿಎಸ್‌ಸಿ ಡಿಸ್ಕ್ ಮಾಡುವುದು. ಭಾರತದಲ್ಲಿ ಮಾರಾಟವಾದ ಪ್ಲೇಯರುಗಳಲ್ಲಿ ಬಹಳಷ್ಟು ಎರಡೂ ಪದ್ಧತಿ ಓದುತ್ತವೆ. 96 ಗೆರೆ ಕಡಿಮೆಯಾದರೂ ಚಲನೆ ನಯವಾಗಿರುತ್ತದೆ, ಮನೆ ವಿಡಿಯೋದಲ್ಲಿ ಅದೇ ಮುಖ್ಯ. ಫೋನಿನಲ್ಲಿ 25 ಅಥವಾ 50 ಫ್ರೇಮಿನ ಆಯ್ಕೆ ಇದ್ದರೆ ಸಮಾರಂಭಕ್ಕೆ ಮೊದಲೇ ಅದನ್ನಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟುಗಳ ಕೆಳಗೆ ಪಟ್ಟಿ ಪಟ್ಟಿಯಾಗಿ ಮಿಡಿಯುವುದೂ ತಪ್ಪುತ್ತದೆ. ಬೆಳಕಿನ ಹೆಚ್ಚು ವ್ಯಾಪ್ತಿ ಹಿಡಿಯುವ ಎಚ್‌ಡಿಆರ್‌ನಲ್ಲಿ ತೆಗೆದದ್ದನ್ನು ಸಾಮಾನ್ಯ ಬಣ್ಣಕ್ಕೆ ಪರಿವರ್ತಿಸದೆ ಹಾಕಿದರೆ ಎಲ್ಲವೂ ಬೂದಿ ಬಳಿದಂತೆ ಕಾಣುತ್ತದೆ. ಎಚ್‌ಡಿಯ ಬಣ್ಣಪದ್ಧತಿಯಿಂದ ಡಿವಿಡಿಯ ಬಣ್ಣಪದ್ಧತಿಗೆ ಸರಿಯಾಗಿ ಬದಲಾಯಿಸದಿದ್ದರೆ ಕುಂಕುಮದ ಕೆಂಪು, ಬಾಳೆಲೆಯ ಹಸಿರು ತುಸು ದಾರಿ ತಪ್ಪುತ್ತವೆ.

ನಿಲುವಾಗಿ ಹಿಡಿದ ವಿಡಿಯೋ ಡಿವಿಡಿಯ ಅಗಲ ಚೌಕಟ್ಟಿನಲ್ಲಿ ಬಡವಾಗುತ್ತದೆ: 720 ಪಿಕ್ಸೆಲ್ ಅಗಲದಲ್ಲಿ ಅದಕ್ಕೆ ದಕ್ಕುವುದು ಸುಮಾರು 228. ಆದರೂ ಇಬ್ಬದಿಗೆ ಕಪ್ಪು ಬಿಡುವುದೇ ಸರಿ. ಮೇಲೆಕೆಳಗೆ ಕತ್ತರಿಸಿದರೆ ತಲೆ ಹೋಗುತ್ತದೆ. ಅದೇ ಚಿತ್ರವನ್ನು ಮಸುಕಾಗಿ ಬದಿಗಳಿಗೆ ತುಂಬಿದರೆ ಬಿಟ್‌ಗಳು ಅಲ್ಲಿಗೆ ಸೋರುತ್ತವೆ. ಪಾಲ್‌ನ 720×576 ಪಿಕ್ಸೆಲ್‌ಗಳು ಚೌಕವಲ್ಲ ಎಂಬುದನ್ನೂ ನೆನಪಿಡಬೇಕು: 4:3 ಅಥವಾ 16:9 ಎಂಬ ಗುರುತನ್ನು ನೋಡಿ ಪ್ಲೇಯರ್ ಮತ್ತು ಟಿವಿ ಅವನ್ನು ಹಿಗ್ಗಿಸುತ್ತವೆ. ಗುರುತು ತಪ್ಪಾದರೆ ವಧೂವರರು ಕುಳ್ಳಗೆ ದಪ್ಪಗೆ ಕಾಣುತ್ತಾರೆ.

ವಿದೇಶದ ಬಂಧುಗಳಿಗೆ

ಅಮೆರಿಕ, ಕೆನಡಾಗಳಲ್ಲಿರುವ ಕನ್ನಡಿಗರಿಗೆ ಊರಿನಿಂದ ಕಳಿಸಿದ ಮದುವೆ ಡಿವಿಡಿ ಟಿವಿಯಲ್ಲಿ ಓಡದಿರುವುದಕ್ಕೆ ಕಾರಣ ಪಾಲ್. ಅಲ್ಲಿನ ಅನೇಕ ಪ್ಲೇಯರುಗಳು ಎನ್‌ಟಿಎಸ್‌ಸಿಯನ್ನಷ್ಟೇ ಓದುತ್ತವೆ. ಕಂಪ್ಯೂಟರಿಗೆ ಎರಡೂ ಒಂದೇ. ಮನೆಯಲ್ಲಿ ಬರೆದ ಡಿಸ್ಕಿಗೆ ರೀಜನ್ ಕೋಡಿನ (ಡಿಸ್ಕನ್ನು ಒಂದು ಪ್ರದೇಶದ ಪ್ಲೇಯರುಗಳಿಗೆ ಸೀಮಿತಗೊಳಿಸುವ ಗುರುತಿನ) ತಡೆ ಇರುವುದಿಲ್ಲ, ಹಾಗಾಗಿ ಆ ಗುಮಾನಿ ಬೇಡ. ಬ್ರಿಟನ್, ಆಸ್ಟ್ರೇಲಿಯಾ, ಕೊಲ್ಲಿ ದೇಶಗಳಿಗೆ ಪಾಲ್ ನಡೆಯುತ್ತದೆ.

ಧ್ವನಿ

ಧ್ವನಿ 48 ಕಿಲೋಹರ್ಟ್ಸ್‌ನಲ್ಲಿರಬೇಕು. ಫೋನಿನ ಎಎಸಿ, ಸಿಡಿಯಿಂದ ತೆಗೆದ 44.1 ಕಿಲೋಹರ್ಟ್ಸ್ ಹಾಡು ಎರಡೂ ಬದಲಾಗಬೇಕು. ಎಲ್ಲ ಪ್ಲೇಯರುಗಳಿಗೂ ಹೊಂದುವುದು ಡಾಲ್ಬಿಯ ಎಸಿ-3. ಮಾತು, ಮಂತ್ರಕ್ಕೆ 192 ಕಿಲೋಬಿಟ್ ಸಾಕು, ನಾದಸ್ವರ-ಡೋಲು ಗಟ್ಟಿಯಾಗಿದ್ದರೆ 256. ಕುಗ್ಗಿಸದ ಪಿಸಿಎಂ 1536 ಕಿಲೋಬಿಟ್ ತಿನ್ನುತ್ತದೆ. ಒಂದು ಗಂಟೆಯೊಳಗಿನ ಸಂಗೀತ ಕಛೇರಿಗೆ ಅದು ಯೋಗ್ಯ, ಎರಡು ಗಂಟೆಯ ಮದುವೆಗೆ ಅಲ್ಲ.

ಬರೆಯುವುದು, ಉಳಿಸುವುದು

ಎಂಪಿ4 ಕಡತವನ್ನು ಖಾಲಿ ಡಿಸ್ಕಿಗೆ ನಕಲು ಮಾಡಿದರೆ ಅದು ಡೇಟಾ ಡಿಸ್ಕ್ ಆಗುತ್ತದೆ, ಡಿವಿಡಿ ವಿಡಿಯೋ ಅಲ್ಲ. ಹಳೆಯ ಪ್ಲೇಯರ್ ಹುಡುಕುವುದು ವಿಡಿಯೋ_ಟಿಎಸ್ ಎಂಬ ಫೋಲ್ಡರನ್ನು. ಅದರೊಳಗೆ ಒಂದೊಂದೂ 1 ಗಿಗಾಬೈಟ್ ಮೀರದ ವಿಒಬಿ ಕಡತಗಳಲ್ಲಿ ಚಿತ್ರ, ಐಎಫ್‌ಒ ಕಡತಗಳಲ್ಲಿ ಅಧ್ಯಾಯ-ಮೆನುಗಳ ವಿವರ, ಬಿಯುಪಿಯಲ್ಲಿ ಆ ವಿವರದ ನಕಲು ಇರುತ್ತವೆ. ಡಿವಿಡಿ ಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರ್ ಇದನ್ನೆಲ್ಲ ಕಟ್ಟಿಕೊಡುತ್ತದೆ. ಆಜ್ಞೆ ಟೈಪಿಸಿ ನಡೆಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಪಾಲ್ ಡಿವಿಡಿಗೆ ಸಿದ್ಧ ಆಯ್ಕೆಯೇ ಇದೆ: ಚಿತ್ರಕ್ಕೆ 6000, ಗರಿಷ್ಠ 9000, ಧ್ವನಿಗೆ 448. ತೊಂಬತ್ತು ನಿಮಿಷದವರೆಗೆ ಇದನ್ನೇ ನಂಬಬಹುದು, ಗರಿಷ್ಠವನ್ನು ತಗ್ಗಿಸಿಕೊಂಡರೆ.

ಡಿಸ್ಕಿನ ಬರಹ ಒಳಗಿನಿಂದ ಅಂಚಿನ ಕಡೆಗೆ ಸಾಗುತ್ತದೆ. ತಪ್ಪುಗಳು ಹೆಚ್ಚಾಗುವುದು ಹೊರ ಅಂಚಿನಲ್ಲಿ. ಕೊನೆಯ ಮಿಲಿಮೀಟರಿನವರೆಗೂ ತುಂಬಬಾರದು. ಬರೆಯುವ ವೇಗ 4x ಅಥವಾ 8xನಲ್ಲಿರಲಿ. ಬರೆದ ಮೇಲೆ ವೆರಿಫೈ ಮಾಡಿಸಬೇಕು. ಕಾಗದದ ಲೇಬಲ್ ಅಂಟಿಸಿದರೆ ತೂಕ ಓರೆಯಾಗಿ ಡಿಸ್ಕ್ ನಡುಗುತ್ತದೆ. ಹೆಸರು ಬರೆಯಲು ಡಿಸ್ಕಿಗೆಂದೇ ಇರುವ ಮೆದು ಪೆನ್ನು ಸಾಕು.

ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ 25 ಗಿಗಾಬೈಟ್ ಹಿಡಿಯುತ್ತದೆ, ಎಚ್.264 ವಿಧಾನ ಸಲ್ಲುತ್ತದೆ, ಮೊಬೈಲಿನ ಪೂರ್ಣ ಎಚ್‌ಡಿ ವಿವರ ಉಳಿಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅದರ ಪ್ಲೇಯರ್ ಹೆಚ್ಚು ಹರಡಲಿಲ್ಲ. ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಡಿವಿಡಿಯು ನೋಡುವ ಪ್ರತಿಯೇ ಹೊರತು ಮೂಲವಲ್ಲ. ಬರೆಯುವ ಡಿಸ್ಕಿನ ಒಳಗಿರುವುದು ಬಣ್ಣದ ತೆಳುಪದರ. ಬಿಸಿಲು, ಸೆಕೆ, ತೇವಕ್ಕೆ ಅದು ಮಾಸುತ್ತದೆ. ಡಿವಿ ಕಡತ ಅಥವಾ ಫೋನಿನ ಮೂಲ ವಿಡಿಯೋವನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ ಇಡಬೇಕು. ಮೂಲ ಕಳೆದು ಡಿವಿಡಿ ಮಾತ್ರ ಉಳಿದಿರುವ ಮನೆಗಳಲ್ಲಿ ಅದರ ವಿಡಿಯೋ_ಟಿಎಸ್ ಫೋಲ್ಡರನ್ನು ಇದ್ದಂತೆಯೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದು ಮೊದಲ ಕೆಲಸ. ಎಂಪಿ4ಕ್ಕೆ ಬದಲಾಯಿಸಿ ಮೊಬೈಲಿನಲ್ಲಿ ಹಂಚಿಕೊಳ್ಳಬಹುದು, ಆದರೆ ಆ ಬದಲಾವಣೆ ಇನ್ನೊಂದು ಸುತ್ತಿನ ಕುಗ್ಗಿಸುವಿಕೆ. ಆದ್ದರಿಂದ ಹಂಚುವ ಪ್ರತಿ ಬೇರೆ, ವಿಒಬಿ ಕಡತಗಳಲ್ಲಿ ಇಡುವ ಪ್ರತಿ ಬೇರೆ ಆಗಿರಬೇಕು.